ಮರಿ ಬೆಕ್ಕಿನ ಚಿಗಟಕ್ಕೆ ಸೀರಣಿಗೆಯೇ ಮೊದಲ ಮದ್ದು

ಅಟ್ಟದ ಗೋಣಿಚೀಲದ ಮೇಲೆ ಮರಿ ಹಾಕಿದ ಬೆಕ್ಕು, ತಿಂಗಳು ಕಳೆಯುವಷ್ಟರಲ್ಲಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಅಡುಗೆಮನೆಗೆ ತರುತ್ತದೆ. ಮುದ್ದು ಮಾಡೋಣ ಅಂತ ಎತ್ತಿಕೊಂಡರೆ ಹೊಟ್ಟೆಯ ಕೂದಲಲ್ಲಿ ಏನೋ ಸರಕ್ಕನೆ ಓಡುತ್ತದೆ. ಚಿಗಟ! ಅನುಮಾನ ಇದ್ದರೆ ಮೈಯಿಂದ ಉದುರುವ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಸುತ್ತ ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಆ ಕೆಂಪು ಮರಿಯದೇ ರಕ್ತ.

ಆಗ ಮನೆಯಲ್ಲಿ ತಲೆಗೊಂದು ಮದ್ದು ಹೇಳುತ್ತಾರೆ. ಬೇವಿನೆಣ್ಣೆ ಹಚ್ಚು, ಕರ್ಪೂರ ಹಾಕು, ಸೀಮೆಎಣ್ಣೆಯಲ್ಲಿ ಒರೆಸು. ಯಾವುದೂ ಬೇಡ. ಮೈಗೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ, ಅಲ್ವಾ? ನಾಯಿಗೆ ಅಂತ ತಂದಿಟ್ಟ ಪೌಡರು, ಡ್ರಾಪ್ಸ್ ಅಂತೂ ಮುಟ್ಟಲೇಬೇಡಿ. ಎಷ್ಟೋ ಸಲ ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕಿಗೆ ಫಿಟ್ಸ್ ಬಂದು ಜೀವವೇ ಹೋಗಬಹುದು. ಬೆಕ್ಕಿನದೇ ಡ್ರಾಪ್ಸ್ ಕೂಡ ಹೆಚ್ಚಿನವು 8 ವಾರ ತುಂಬಿದ ಮೇಲೆ, ತೂಕ ನೋಡಿ ಹಾಕುವಂಥವು.

ಹೇನು ತೆಗೆಯುವ ಸೀರಣಿಗೆ ಸಾಕು. ಒಂದು ಬಟ್ಟಲಲ್ಲಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರು ಇಟ್ಟುಕೊಳ್ಳಿ. ಮರಿಯನ್ನು ಮಡಿಲಲ್ಲಿ ಮಲಗಿಸಿ ಕತ್ತು, ಕಿವಿಯ ಹಿಂದೆ, ಬಾಲದ ಬುಡದಲ್ಲಿ ನಿಧಾನಕ್ಕೆ ಬಾಚಿ. ಹಲ್ಲಿಗೆ ಸಿಕ್ಕ ಚಿಗಟವನ್ನು ತಕ್ಷಣ ನೀರಿಗೆ ಅದ್ದಿ. ಸೋಪು ಇಲ್ಲದ ನೀರಾದರೆ ಕಳ್ಳ ಚಿಗಟ ಮೇಲೆ ತೇಲಿ ಟಣ್ಣಂತ ಹಾರಿಬಿಡುತ್ತದೆ. ದಿನಕ್ಕೆ ಎರಡು ಸಲ ಬಾಚಿ.

ಚಿಗಟ ತೀರಾ ಜಾಸ್ತಿ ಇದ್ದರೆ ಮಾತ್ರ ಸ್ನಾನ. ನೀರು ಉಗುರುಬೆಚ್ಚಗಿರಲಿ. ಮೊದಲು ಕತ್ತಿನ ಸುತ್ತ ಸೋಪಿನ ನೊರೆ ಹಚ್ಚಿ, ಇಲ್ಲದಿದ್ದರೆ ಚಿಗಟವೆಲ್ಲ ಮುಖಕ್ಕೆ ಓಡುತ್ತವೆ. ತಲೆಯನ್ನು ನೀರಿಗೆ ಅದ್ದಬೇಡಿ. ಐದೇ ನಿಮಿಷ, ಆಮೇಲೆ ಸೋಪು ಉಳಿಯದಂತೆ ತೊಳೆದು ಚೆನ್ನಾಗಿ ಒರೆಸಿ. ಒಮ್ಮೆ ನಾನು ಅರೆಬರೆ ಒರೆಸಿ ಬಿಟ್ಟಿದ್ದೆ. ಮರಿ ಮುದುಡಿ ಗಡಗಡ ನಡುಗುತ್ತಿತ್ತು. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಅರ್ಧ ಗಂಟೆ ಕೂತೆ, ಒಲೆ ಮೇಲಿನ ಸಾರು ಸೀದುಹೋಯಿತು. ಸಾರಿಗೇನು, ಮರಿ ಬದುಕಿತು.

ಮರಿಯ ಬಾಯಿ ತೆರೆದು ವಸಡನ್ನೂ ನೋಡಿ. ಗುಲಾಬಿ ಇದ್ದರೆ ಸರಿ. ಬಿಳಿಚಿಕೊಂಡು ಮರಿ ಹಾಲು ಬಿಟ್ಟು ಸುಮ್ನೆ ಬಿದ್ದಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಬಾಚುತ್ತಾ ಕೂರದೆ ಅವತ್ತೇ ದನದ ಡಾಕ್ಟರ ಹತ್ತಿರ ಓಡಿ.

ಮರಿಯನ್ನಷ್ಟೇ ಬಾಚಿದರೆ ನಾಳೆ ಮತ್ತೆ ಹತ್ತುತ್ತದೆ. ಚಿಗಟದ ಮೊಟ್ಟೆ, ಹುಳು, ಹುಳು ಚಿಗಟವಾಗುವ ಮೊದಲು ಸುತ್ತಿಕೊಳ್ಳುವ ಗೂಡು ಎಲ್ಲ ಇರುವುದು ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ. ಗೋಣಿಚೀಲ ಎಸೆದು ಹಳೆ ಹತ್ತಿ ಸೀರೆ ಹಾಸಿ. ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಮೂಲೆ ಮೂಲೆ ಗುಡಿಸಿ, ಕಸ ಅವತ್ತೇ ಆಚೆ ಹಾಕಿ. ಬೆಕ್ಕು ಓಡಾಡುವ ಕಡೆ ಫಿನಾಯಿಲ್ ಬೇಡ. ತಾಯಿ ಬೆಕ್ಕಿಗೂ ಡಾಕ್ಟರನ್ನು ಕೇಳಿಯೇ ಔಷಧಿ ಹಾಕಿಸಿ, ಅದು ಹಾಲೂಡಿಸುತ್ತಿದೆ ಅಂತ ಹೇಳಲು ಮರೆಯಬೇಡಿ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು, ಗೂಡಿನೊಳಗಿನ ಚಿಗಟ ಅಷ್ಟು ದಿನ ಕಾಯುತ್ತದೆ.

ಆಮೇಲೂ ಬಾಲದಡಿ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ ಅದು ಲಾಡಿಹುಳು. ಮರಿ ಮೈ ನೆಕ್ಕುವಾಗ ಚಿಗಟ ನುಂಗಿದ್ದರಿಂದ ಬಂದದ್ದು. ಅದಕ್ಕೆ ಬೇರೆ ಮಾತ್ರೆ ಇದೆ, ಡಾಕ್ಟರು ಕೊಡುತ್ತಾರೆ.