ನೆಟ್‌ವರ್ಕ್ ರ‍್ಯಾಕಿಗೆ ಅರ್ಥಿಂಗ್: ನಾನು ಮಾಡಿದ ರೀತಿ

ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಹೊಸ ವೈರಿಂಗ್ ಮಾಡಿದೆವು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ), ರೂಟರ್ ಸುಟ್ಟು ಹೋಗೋದು ಮಲೆನಾಡಲ್ಲಿ ಮಾಮೂಲಿ. ಅದಕ್ಕೇ ಹೆಡ್ ಮಾಸ್ಟರ್ ಮೊದಲೇ ಹೇಳಿದ್ದರು, "ಕಂಪ್ಯೂಟರಿಗೆ ಬೇರೆ ಅರ್ಥ್ ಗುಂಡಿನೇ ತೆಗೀರಿ, ಹಳೇದಕ್ಕೆ ಸೇರಿಸಬೇಡಿ."

"ಗುಂಡಿ ತೆಗೀತೀನಿ ಸರ್, ಆದ್ರೆ ಸೇರಿಸಲೇಬೇಕು" ಅಂದೆ. ಸಿಡಿಲಿನ ಕರೆಂಟ್ 30,000 ಆಂಪಿಯರ್ ಇರೋದು ಅಪರೂಪವೇನಲ್ಲ. ಗುಂಡಿಯ ಪ್ರತಿರೋಧ (ಕರೆಂಟ್ ನೆಲಕ್ಕಿಳಿಯಲು ಇರುವ ಅಡ್ಡಿ) 5 ಓಮ್ ಅಂದುಕೊಳ್ಳಿ. ಅಷ್ಟೂ ಕರೆಂಟ್ ಅದರಲ್ಲೇ ಇಳಿದರೆ ಆ ಅರ್ಥ್ ವೈರ್ 1.5 ಲಕ್ಷ ವೋಲ್ಟ್‌ಗೆ ಏರುತ್ತದೆ. ಪಕ್ಕದ ಗುಂಡಿ ಅಷ್ಟು ಏರಿರುವುದಿಲ್ಲ. ರ‍್ಯಾಕ್ (ಸ್ವಿಚ್, ರೂಟರ್ ಕೂರಿಸುವ ಲೋಹದ ಕಪಾಟು) ಒಂದು ಗುಂಡಿಗೆ, ಪವರ್ ಪ್ಲಗ್ ಇನ್ನೊಂದಕ್ಕೆ ಇದ್ದರೆ, ಆ ವ್ಯತ್ಯಾಸವೆಲ್ಲ ಸ್ವಿಚ್ಚಿನ ಒಳಗೇ ಹಾಯುತ್ತದೆ. ಎರಡನ್ನೂ ಕಟ್ಟಿದರೆ ಎಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಓಮ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಸೇರಿಸಿದ್ದೀರಾ ಅಂತ ಯಾರೂ ಕೇಳಲ್ಲ.

ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗಿತ್ತು. ಗುಂಡಿಯಲ್ಲಿ ಹೂತ ಪೈಪ್ ಸುತ್ತ ಉಪ್ಪು, ಇದ್ದಿಲಿನ ಬದಲು ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿದೆ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಆಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಹೂತು ಹಳೇ ಗುಂಡಿಗೆ ಜೋಡಿಸಿದೆ. ಗುಂಡಿಯ ಓಮ್ ರೀಡಿಂಗ್ ಬೇಸಿಗೆಯಲ್ಲೇ ತೆಗೆದರೆ ಒಳ್ಳೇದು. ಮಳೆಗಾಲದಲ್ಲಿ ಎಂಥ ಗುಂಡಿಯೂ ಪಾಸಾಗುತ್ತದೆ.

ರ‍್ಯಾಕ್ ಮುಟ್ಟುವ ಮೊದಲು ಮೇನ್ ಆಫ್ ಮಾಡಿದೆ, ಯುಪಿಎಸ್ಸನ್ನೂ ಆಫ್ ಮಾಡಿದೆ. ಮೇನ್ ಇಳಿಸಿದರೂ ಯುಪಿಎಸ್ ಔಟ್‌ಪುಟ್ಟಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಸುಮಾರು ಜನ ಇದನ್ನು ಮರೀತಾರೆ. ಮೀಟರ್ ಇಟ್ಟು ನೋಡಿದ ಮೇಲೇ ಕೈ ಹಾಕಿದ್ದು. ಹಳೇ ಅರ್ಥ್ ವೈರಿಗೆ ಕ್ಲಾಂಪ್ ಮೀಟರ್ (ವೈರ್ ಬಿಚ್ಚದೆ ಕರೆಂಟ್ ಅಳೆಯುವ ಮೀಟರ್) ಹಾಕಿ, ಅದರಲ್ಲಿ ಕರೆಂಟ್ ಹರಿಯುತ್ತಿದೆಯಾ ಅಂತ ನೋಡಿದೆ. ಹೊಸ ವೈರ್ ಕಟ್ಟಿ ಆದ ಮೇಲಷ್ಟೇ ಹಳೇದನ್ನು ಬಿಚ್ಚಿದೆ. ಕಾರಣ ಇದೆ. ಪ್ರತಿ ಅಡಾಪ್ಟರ್, ಪ್ರತಿ ಪವರ್ ಸಪ್ಲೈ ಅರ್ಥ್‌ಗೆ ಒಂದಿಷ್ಟು ಕರೆಂಟ್ ಸೋರಿಸುತ್ತದೆ. ಅರ್ಥ್ ಕಿತ್ತುಹೋದರೆ ರ‍್ಯಾಕಿನ ಬಾಡಿ 110 ವೋಲ್ಟ್ ಸುತ್ತಮುತ್ತ ತೇಲುತ್ತದೆ. ಮುಟ್ಟಿದರೆ ಜುಮ್ ಅನ್ನುತ್ತಲ್ವಾ, ಅದೇ ಇದು. ಒಂದು ಅಡಾಪ್ಟರಿಂದ ಅದು ಬರೀ ಜುಮ್. ರ‍್ಯಾಕ್ ತುಂಬ ಇದ್ದರೆ ಅಪಾಯ.

ಮೇನ್ ಅರ್ಥ್ ಟರ್ಮಿನಲ್‌ನಿಂದ ರ‍್ಯಾಕಿನ ತಾಮ್ರದ ಪಟ್ಟಿಗೆ 6 ಸ್ಕ್ವೇರ್ ಎಂಎಂನ ಹಸಿರು-ಹಳದಿ ವೈರ್ ಎಳೆದೆ. ಪಟ್ಟಿಯಿಂದ ಸ್ವಿಚ್, ಪ್ಯಾಚ್ ಪ್ಯಾನೆಲ್ (ಕೇಬಲ್ ತುದಿಗಳನ್ನು ಕೂರಿಸುವ ಫಲಕ), ಯುಪಿಎಸ್ ಬಾಡಿ, ಬಾಗಿಲು, ಪ್ರತಿಯೊಂದಕ್ಕೂ ಬೇರೆ ವೈರ್. ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋದರೆ ನಡುವಿನದು ಬಿಚ್ಚಿದಾಗ ಉಳಿದವೂ ಹೋಗುತ್ತವೆ. ವೈರ್ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ ಅದುಮಿ ಕ್ರಿಂಪ್ ಮಾಡಿದೆ. ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು ಹಲ್ಲಿನ ವಾಷರ್ ಹಾಕಿದೆ. ಪೇಂಟ್ ಮೇಲೆ ಎಷ್ಟು ಬಿಗಿದರೂ ಸುಮ್ನೆ. ವೈರ್ ಸುರುಳಿ ಸುತ್ತಿ ಚಂದ ಮಾಡಲೂಬಾರದು. ಸಿಡಿಲಿನಂಥ ದಿಢೀರ್ ಕರೆಂಟಿಗೆ ಆ ಸುರುಳಿಯೇ ಅಡ್ಡಿ. ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ) ಹಾಕಿದ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ಅರ್ಥಿಗೆ ತಿರುಗಿಸುವ ಸಾಧನ) ವೈರನ್ನೂ ಇದೇ ಕಾರಣಕ್ಕೆ ಅರ್ಧ ಮೀಟರ್ ಒಳಗೇ ಮುಗಿಸಿದೆ.

ಒಂದು ಸಾಕೆಟ್ಟಲ್ಲಿ ಹಿಂದೆ ಯಾರೋ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಲೂಪ್ ಮಾಡಿದ್ದರು. ನ್ಯೂಟ್ರಲ್ ಎಲ್ಲಾದರೂ ಕಟ್ ಆದರೆ ಆ ಪ್ಲಗ್ಗಿಗೆ ಹಾಕಿದ ಬಾಡಿಗಳಿಗೆಲ್ಲ ಫೇಸ್! ಕಿತ್ತು ಸರಿಯಾದ ಅರ್ಥ್ ಕೊಟ್ಟೆ. ಕೊನೆಗೆ ಪೂರ್ತಿ ಲೋಡ್ ಹಾಕಿ ನ್ಯೂಟ್ರಲ್-ಅರ್ಥ್ ನಡುವೆ ಅಳೆದಾಗ 2 ವೋಲ್ಟ್ ಒಳಗೇ ಇತ್ತು.

ಅಂಗಳದಾಚೆಯ ಆಫೀಸ್ ಕಟ್ಟಡಕ್ಕೆ ಮೇಲಿಂದಲೇ ಕ್ಯಾಟ್ 6 ಕೇಬಲ್ (ತಾಮ್ರದ ನೆಟ್‌ವರ್ಕ್ ವೈರ್) ಎಳೆದಿದ್ದರು. ಅಲ್ಲಿನ ಅರ್ಥ್ ಬೇರೆ, ಅಂದರೆ ಮೊದಲು ಹೇಳಿದ ಎರಡು ಗುಂಡಿಯ ತೊಂದರೆಯೇ ಇಲ್ಲೂ. ಆ ತಾಮ್ರವನ್ನು ತೆಗೆಸಿ ಲೋಹವೇ ಇಲ್ಲದ ಫೈಬರ್ (ಬೆಳಕಲ್ಲಿ ಸಿಗ್ನಲ್ ಕಳಿಸುವ ಕೇಬಲ್) ಹಾಕಿಸಿದೆ. ಅಂಗಡಿಯಲ್ಲಿ ಉಕ್ಕಿನ ಕವಚದ ಫೈಬರ್ ಕೊಡಲು ನೋಡಿದರು, ಗಟ್ಟಿ ಇರುತ್ತೆ ಅಂತ. ಅದರ ಉಕ್ಕಲ್ಲೂ ಸಿಡಿಲು ಹರಿಯುತ್ತದೆ, ಅದಕ್ಕೆ ಮತ್ತೆ ಅರ್ಥಿಂಗ್ ಬೇಕು, ಬೇಡ ಅಂದೆ.

ಇಷ್ಟಾದ ಮೇಲೆ ಹೆಡ್ ಮಾಸ್ಟರ್ ಕೇಳಿದರು, "ಇನ್ನು ಗುಡುಗಿದಾಗ ಪ್ಲಗ್ ಕೀಳೋದು ಬೇಡ ಅಲ್ವಾ?" ಕೀಳಿ ಸರ್ ಅಂದೆ. ಆದರೆ ಮೋಡ ಕಟ್ಟುವಾಗಲೇ ಕೀಳಿ, ಸಿಡಿಲು ಹೊಡೀತಿರುವಾಗ ಹೋಗಿ ಮುಟ್ಟಬೇಡಿ.