ಬಿಡಿಎನ್‌ಎಫ್ ನ್ಯೂರಾನ್ ಉಳಿಸುತ್ತದೆ, ಮೊದಲೇ ಕೊಟ್ಟರೆ: ನನ್ನ ಅನುಭವ

ಅಲ್ಜೈಮರ್ ಮೆದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕು ಹಾಕಿದ ನ್ಯೂರಾನ್ ಕಲ್ಚರಿನಲ್ಲಿ, ನ್ಯೂರಾನ್ ಬದುಕಲು ನೆರವಾಗುವ ಬಿಡಿಎನ್‌ಎಫ್ ಪ್ರೋಟೀನ್ ದಂಡ ಎನ್ನುವವರು ಎರಡನ್ನೂ ಒಟ್ಟಿಗೇ ಹಾಕಿ ನೋಡಿದವರು. ನಾನು 50 ನ್ಯಾನೋಗ್ರಾಂ/ಮಿಲಿಲೀಟರ್ ಬಿಡಿಎನ್‌ಎಫ್ ಅನ್ನು 24 ಗಂಟೆ ಮೊದಲೇ ಕೊಡುತ್ತೇನೆ. ಅಮಿಲಾಯ್ಡ್ ಬಂದ ಮೇಲೆ ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿ ಪ್ರೋಟೀನ್ ಕತ್ತರಿಸುವ ಕಿಣ್ವ ಕ್ಯಾಲ್ಪೇನ್ ಎಚ್ಚರವಾಗುತ್ತದೆ. ಅದು ಬಿಡಿಎನ್‌ಎಫ್ ಹಿಡಿಯಬೇಕಾದ ಟ್ರಕ್‌ಬಿ ಗ್ರಾಹಕವನ್ನೇ ಕತ್ತರಿಸುತ್ತದೆ. ಆಮೇಲೆ ಎಷ್ಟು ಸುರಿದರೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕೋಶಗಳು ಎಂದಿನವೇ: 18ನೇ ದಿನದ ಇಲಿ ಭ್ರೂಣದ ಹಿಪೊಕ್ಯಾಂಪಸ್ (ಮೆದುಳಿನಲ್ಲಿ ನೆನಪಿನ ಭಾಗ), ಹತ್ತು ದಿನ ಬೆಳೆದದ್ದು. ಕಲ್ಚರಿನ ಪೋಷಕ ದ್ರವಕ್ಕೆ ಸೇರಿಸುವ ಮಾಮೂಲಿ ಬಿ27ರಲ್ಲಿ ಕ್ಯಾಟಲೇಸ್, ವಿಟಮಿನ್ ಇ ಮುಂತಾದ ಆಂಟಿಆಕ್ಸಿಡೆಂಟ್ ಇರುವುದರಿಂದ, ಅಮಿಲಾಯ್ಡ್ ಮಾತ್ರ ಹಾಕಿದ ಬಾವಿಗಳಲ್ಲೂ (ಪ್ಲೇಟಿನ ಗುಳಿಗಳಲ್ಲೂ) ಕೋಶಗಳು ಸಾಯುವುದಿಲ್ಲ. ಆಂಟಿಆಕ್ಸಿಡೆಂಟ್ ಇಲ್ಲದ ಬಿ27ಗೆ ಬದಲಾಯಿಸಿ. ಬದಲಾಯಿಸುವ ದಿನ ಯಾವುದು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ಹೋಗುವುದು ಬಿಡಿಎನ್‌ಎಫ್‌ಗೆ. 10 ಮೈಕ್ರೋಗ್ರಾಂ ವಯಲ್ ನನಗೆ ಬಿದ್ದದ್ದು ಇಪ್ಪತ್ತು-ಇಪ್ಪತ್ತೈದು ಸಾವಿರ ರೂಪಾಯಿಯ ಆಸುಪಾಸು. ಲೆಕ್ಕದ ಪ್ರಕಾರ ಹದಿನಾರು 24-ಬಾವಿ ಪ್ಲೇಟಿಗೆ ಬರಬೇಕು. ಮೊದಲ ವಯಲ್ ಅರ್ಧಕ್ಕೂ ಸಾಲಲಿಲ್ಲ. ಧನಾವೇಶದ ಪ್ರೋಟೀನ್, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. 0.1% ಬಿಎಸ್‌ಎ (ಅಂಟುವುದನ್ನು ತಡೆಯುವ ಹಸುವಿನ ಪ್ರೋಟೀನ್) ಇರುವ 100 ಮೈಕ್ರೋಲೀಟರ್ ದ್ರಾವಣದಲ್ಲಿ ಕರಗಿಸಿ, ಲೋ-ಬೈಂಡ್ ಟ್ಯೂಬಿನಲ್ಲಿ 5 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80ಕ್ಕೆ ಹಾಕಿ. ವೋರ್ಟೆಕ್ಸ್ ಬೇಡ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಲೂ ಬೇಡ.

ಎಬೀಟಾ42, ಅಂದರೆ 42 ಅಮೈನೋ ಆಮ್ಲದ ಅಮಿಲಾಯ್ಡ್ ಬೀಟಾ: ಎಚ್‌ಎಫ್‌ಐಪಿ ದ್ರಾವಕ ಹಾರಿಸಿದ 1 ಮಿಲಿಗ್ರಾಂ ಫಿಲ್ಮ್‌ಗೆ ಸುಮಾರು 44 ಮೈಕ್ರೋಲೀಟರ್ ಒಣ (ನೀರಿನಂಶವಿಲ್ಲದ) ಡಿಎಮ್‌ಎಸ್‌ಒ ದ್ರಾವಕ ಹಾಕಿದರೆ 5 ಮಿಲಿಮೋಲಾರ್. ಫೀನಾಲ್ ರೆಡ್ ಇಲ್ಲದ ತಣ್ಣನೆಯ ಎಫ್12 ಕಲ್ಚರ್ ದ್ರವದಲ್ಲಿ 100 ಮೈಕ್ರೋಮೋಲಾರ್‌ಗೆ ಇಳಿಸಿ, 4 ಡಿಗ್ರಿಯಲ್ಲಿ ಒಂದು ದಿನ. ಸ್ಪಿನ್ ಮಾಡಿ ಮೇಲಿನದ್ದನ್ನು ಮಾತ್ರ ತೆಗೆಯಿರಿ. ಬಾವಿಯಲ್ಲಿ 5 ಮೈಕ್ರೋಮೋಲಾರ್, 48 ಗಂಟೆ. ತೇವ ಎಳೆದ ಹಳೆಯ ಡಿಎಮ್‌ಎಸ್‌ಒ ಬಳಸಿದರೆ ಒಲಿಗೊಮರ್ (ವಿಷಕಾರಿ ಸಣ್ಣ ಗುಂಪುಗಳು) ಬದಲು ನಾರುಗಳು ಬಂದು, ವಿಷವೇ ಏರುವುದಿಲ್ಲ.

ಕೋಶ ಬದುಕಿದೆಯೇ ಎಂದು ಬಣ್ಣದಿಂದ ಹೇಳುವ ಎಮ್‌ಟಿಟಿ ಪರೀಕ್ಷೆ ನಂಬಬೇಡಿ. ಅಮಿಲಾಯ್ಡ್ ಇದ್ದರೆ ಜೀವಂತ ಕೋಶವೂ ಆ ಬಣ್ಣವಾದ ಫಾರ್ಮಜಾನನ್ನು ಬೇಗ ಹೊರಹಾಕಿ ಸತ್ತಂತೆ ಕಾಣುತ್ತದೆ. ಸತ್ತ ಕೋಶದಿಂದ ಸೋರುವ ಎಲ್‌ಡಿಎಚ್ ಕಿಣ್ವ ಅಳೆದು, ಮ್ಯಾಪ್2 (ನ್ಯೂರಾನ್ ಗುರುತು) ಮತ್ತು ಹೋಕ್ಸ್ಟ್ (ಡಿಎನ್‌ಎ ಬಣ್ಣ) ಹಾಕಿ ಕುಗ್ಗಿದ ನ್ಯೂಕ್ಲಿಯಸ್ ಎಣಿಸಿ. ನನ್ನಲ್ಲಿ ಸಾವು ನಲವತ್ತು ಶೇಕಡಾದಿಂದ ಇಪ್ಪತ್ತರ ಆಸುಪಾಸಿಗೆ ಇಳಿದಿದೆ, ಬೇರೆ ಬೇರೆ ಕಲ್ಚರುಗಳಲ್ಲೂ. ಟ್ರಕ್ ಗ್ರಾಹಕಗಳನ್ನು ತಡೆಯುವ ಕೆ252ಎ 200 ನ್ಯಾನೋಮೋಲಾರ್ ಹಾಕಿದರೆ ರಕ್ಷಣೆ ಮಾಯ. ಆ ಬಾವಿಯಿಲ್ಲದ ಗ್ರಾಫನ್ನು ನಾನು ನೋಡುವುದೂ ಇಲ್ಲ.

ನಡುವೆ, ಬಿಡಿಎನ್‌ಎಫ್ ಬದಲಿಗೆ ಟ್ರಕ್‌ಬಿ ಎಚ್ಚರಿಸುತ್ತದೆ ಎನ್ನಲಾಗುವ ಅಗ್ಗದ 7,8-ಡೈಹೈಡ್ರಾಕ್ಸಿಫ್ಲೇವೋನ್ ನೋಡಿದೆ. ಒಂದು ಬ್ಯಾಚಿನಲ್ಲಿ ರಕ್ಷಣೆ ಇದೆ, ಇನ್ನೊಂದರಲ್ಲಿಲ್ಲ. ಬಿಡಿಎನ್‌ಎಫ್‌ನ ಸಂಬಂಧಿ ಎನ್‌ಜಿಎಫ್ ಹಿಪೊಕ್ಯಾಂಪಸ್ ನ್ಯೂರಾನಿಗೆ ಏನೂ ಮಾಡಲಿಲ್ಲ, ಅಲ್ಲಿ ಅದರ ಗ್ರಾಹಕ ಟ್ರಕ್‌ಎ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬೇಸಲ್ ಫೋರ್‌ಬ್ರೇನಿನ (ಮುಂಮೆದುಳಿನ ತಳದ) ಕೋಲಿನರ್ಜಿಕ್ ಕೋಶಗಳೇ, ಅಂದರೆ ಅಸಿಟೈಲ್‌ಕೋಲಿನ್ ಬಿಡುಗಡೆ ಮಾಡುವ ನ್ಯೂರಾನುಗಳೇ ಬೇಕು. ಅಮೆರಿಕದಲ್ಲಿ 49 ಅಲ್ಜೈಮರ್ ರೋಗಿಗಳ ಎನ್‌ಜಿಎಫ್ ಜೀನ್ ಚಿಕಿತ್ಸೆಯ ಪ್ರಯೋಗ ಗುರಿ ಹಾಕಿದ್ದು ಅವಕ್ಕೇ. 2018ರ ವರದಿಯಲ್ಲಿ ಲಾಭ ಕಾಣಲಿಲ್ಲ. ಮರಣೋತ್ತರ ಮೆದುಳು ನೋಡಿದಾಗ ಪ್ರೋಟೀನ್ ಆ ಕೋಶಗಳ ತನಕ ಹರಡಿಯೇ ಇರಲಿಲ್ಲ.