ಮುತ್ಯಾ ಪುಸ್ತಕ ಉಲ್ಟಾ ತೆರೆದ

ನನ್ನ ಕಥೆಯ ಮುತ್ಯಾ, ಅಂದರೆ ಅಜ್ಜ, ಆಳಂದ ಕಡೆಯ ಹಳ್ಳಿಯವನು. ಕಾಲ 1995. ಓದು ಬಾರದ ಮನುಷ್ಯ ಅಂತ ಊರೆಲ್ಲ ನಂಬಿದೆ. ಹೊಲದ ಜಗಳ ಎದ್ದಾಗ ಟ್ರಂಕಿನಲ್ಲಿ ಹಳೆಯ ಉರ್ದು ಖರೀದಿ ಪತ್ರ ಸಿಗುತ್ತದೆ. ಓದುವವರು ಯಾರಾದರೂ ಸಿಕ್ಕಾರೇ ಅಂತ ಮಕ್ಕಳು ಕಲಬುರಗಿಯೆಲ್ಲ ಸುತ್ತುತ್ತಾರೆ. ಕೊನೆಗೆ ಮುತ್ಯಾನೇ ಅದನ್ನು ಸರಾಗ ಓದಿಬಿಡುತ್ತಾನೆ. ಅವನಿಗೆ ಬಾರದ್ದು ಕನ್ನಡ ಅಕ್ಷರ ಮಾತ್ರ. 1948ರವರೆಗೆ ನಮ್ಮ ಭಾಗ ನಿಜಾಮರ ಕೈಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಅವನು ಕಲಿತದ್ದೂ ಅದನ್ನೇ.

ಮೊದಲ ಕರಡು ಓದಿದ ಗೆಳೆಯ, "ಇದು ಎಲ್ಲಿಂದ ಬಂತಪ್ಪಾ?" ಅಂದ. ಸರಿ, ಸುಳಿವು ಇಡೋಣ ಅಂತ ಕೂತೆ. ಅಂಗಡಿಯ ಉರ್ದು ಬೋರ್ಡ್ ನೋಡಿ ಮುತ್ಯಾನ ತುಟಿ ಅಲುಗಾಡಿತು ಅಂತ ಬರೆದೆ. ತಂಗಿ ಮೂರನೇ ಪುಟಕ್ಕೇ ಹಿಡಿದುಬಿಟ್ಟಳು. ಆಮೇಲೆ ಅವನಿಂದ ಬೀಸ್, ತೀಸ್ ಅಂತ ಉರ್ದುವಿನಲ್ಲಿ ಎಣಿಕೆ ಮಾಡಿಸಿದೆ. ಅದೂ ದಂಡ. ನಮ್ಮ ಸಂತೆಯಲ್ಲಿ ಹಾಗೆ ಎಣಿಸದವರು ಯಾರಿದ್ದಾರೆ?

ದಾರಿ ಸಿಕ್ಕಿದ್ದು ನಗೆಯಲ್ಲಿ. ಮೊಮ್ಮಗಳ ಪಾಠದ ಪುಸ್ತಕವನ್ನು ಮುತ್ಯಾ ಹಿಂದಿನ ಪುಟದಿಂದ ತೆರೆಯುತ್ತಾನೆ. "ಮುತ್ಯಾ, ಉಲ್ಟಾ ತೆಗದಿ ನೋಡು!" ಅಂತ ಅವಳು ಬಿದ್ದು ಬಿದ್ದು ನಗುತ್ತಾಳೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದಲ್ಲ, ಅವನ ಕೈಗೆ ಅದೇ ರೂಢಿ. ಓದುಗರೂ ನಕ್ಕು ಮುಂದೆ ಹೋಗುತ್ತಾರೆ. ನಗುವಾಗ ಯಾರೂ ಲೆಕ್ಕ ಹಾಕುವುದಿಲ್ಲ. ಬ್ಯಾಂಕಿನಲ್ಲಿ ಅವನು ಪೆನ್ನಿಗೆ ಕೈ ಚಾಚುತ್ತಾನೆ, ಗುಮಾಸ್ತ ನಗುತ್ತಾ ಇಂಕ್ ಪ್ಯಾಡ್ ಮುಂದೆ ತಳ್ಳುತ್ತಾನೆ. ಇಷ್ಟೇ, ಒಂದೇ ಸಾಲು. ವಿವರಿಸಬೇಕು ಅಂತ ಕೈ ತುರಿಸಿತು, ತಡೆದುಕೊಂಡೆ.

ಮೂರನೆಯದು ನನಗೆ ಜಾಸ್ತಿ ಇಷ್ಟ. ಚಹಾದ ಹೋಟೆಲಿನಲ್ಲಿ ಮುತ್ಯಾ ಹೇಳುತ್ತಾನೆ: "ರಜಾಕಾರರ ಗದ್ದಲದಾಗ ನಮ್ಮ ಸಾಲಿ ಬಂದ್ ಆತು. ರಾತ್ರೋರಾತ್ರಿ ದನ ಹೊಡಕೊಂಡು ಅಡವಿಗೆ ಓಡಿದ್ವಿ." ರಜಾಕಾರರು ಅಂದರೆ ನಿಜಾಮರ ಪರ ನಿಂತ ಸಶಸ್ತ್ರ ಪಡೆ. ಸಾಲಿ ಅಂದರೆ ಶಾಲೆ. ಅವನು ಓದಲು ಹೋಗಿದ್ದ ಅನ್ನುವ ನಿಜ ಹೊರಗೇ ಬಿದ್ದಿದೆ. ಆದರೆ ಕೇಳುವವರಿಗೆ ಬೇಕಾದದ್ದು ಓಟದ ಕಥೆ. ಸಾಲಿ ಯಾವುದು ಅಂತ ಒಬ್ಬನೂ ಕೇಳುವುದಿಲ್ಲ. ಮೊದಲು ಈ ಮಾತುಗಳನ್ನು ಹಿಂದುಮುಂದು ಬರೆದಿದ್ದೆ. ಸಾಲಿ ಕೊನೆಗೆ ಬಂದು ಕಣ್ಣಿಗೆ ಕುಕ್ಕುತ್ತಿತ್ತು.

ಹೊಸ ಕರಡನ್ನು ಅದೇ ಗೆಳೆಯನಿಗೆ ಕೊಟ್ಟೆ. ಕೊನೆಯ ಪುಟ ಮುಗಿಸಿ ಸುಮ್ನೆ ಕೂತ. ಆಮೇಲೆ ಹಾಳೆ ಹಿಂದಕ್ಕೆ ತಿರುವುತ್ತಾ ಮೊಮ್ಮಗಳು ನಕ್ಕ ಜಾಗ ಹುಡುಕತೊಡಗಿದ.